ವೇ ಬ್ರಿಜ್ಜಿನ ತಾರೀಖು

ದಾವಣಗೆರೆ ಎ.ಪಿ.ಎಂ.ಸಿ. ಗೇಟಿನ ಎಡಕ್ಕೆ ನಮ್ಮ ವೇ ಬ್ರಿಜ್ಜು.
ಮೆಕ್ಕೆಜೋಳದ ಲಾರಿ ಹತ್ತಿದರೆ
ನೆಲವೇ ಒಮ್ಮೆ ಮುಲುಕುತ್ತದೆ.

ಆಜಾದ್ ನಗರದ ತೌಸೀಫ್ ಬಂದ,
ಡಬ್ಬಿ ಬಿಚ್ಚಿ ಜೋಳದ ಹೊಟ್ಟು ಊದಿದ:
"ಗಿರಿಜಕ್ಕಾ, ಇದನ್ನ ಕಂಪನಿಯೋರು
ಕಾರ್ತೀಕದಿಂದಾಚೆ ಕೈ ಬಿಡ್ತಾರಂತೆ.
ಈಗ್ಲೇ ಏನಾದ್ರೂ ದಾರಿ ನೋಡ್ಕಳಿ."

ರಸೀದಿಯ ಬೆನ್ನಿಗೇ ಬರೆದೆ:
ಖಾಲಿ ಲಾರಿಗಳ ತೂಕ, ಒಂಬೈನೂರ ಹದಿಮೂರು, ಪೆನ್‌ಡ್ರೈವಿಗೆ.
ಒಂಬತ್ತು ಹಲ್ಲಿನ ಈ ಕೇಬಲ್ಲು
ಹೊಸದರ ಬಾಯಿಗೆ ಕೂರದು, ನಡುವೆ ಒಬ್ಬ ದುಭಾಷಿ ಬೇಕು.
ಪ್ರಿಂಟರು, ಕೇಳಿ ನೋಡಬೇಕು.
ಹರಿಹರದ ಕೊಟ್ರಗೌಡರ ಲಾರಿ
ಗುಜರಿಗೆ ಹೋಗಿ ಆರು ವರ್ಷ;
ಅದರ ಖಾಲಿ ತೂಕ ಇನ್ನೂ ಇಲ್ಲೇ ಇದೆ,
ಏಳು ಸಾವಿರದ ಇನ್ನೂರ ನಲವತ್ತು.
ಅಳಿಸಲೋ, ಹೊರಿಸಿ ಕಳಿಸಲೋ?
ಪ್ರಶ್ನೆಯ ಕೊಕ್ಕೆ ಹಾಕಿ ಬಿಟ್ಟೆ.

ಒಂದು ಮಾತು ತೌಸೀಫನಿಗೆ ಹೇಳಲಿಲ್ಲ.
ಒಳಗಿನ ಗುಂಡಿ ಸೆಲ್ಲು ಸತ್ತು ಎಷ್ಟೋ ಕಾಲವಾಯಿತು.
ದಿನಾ ಬೆಳಿಗ್ಗೆ ಎದ್ದಾಗ ಇದಕ್ಕೆ
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಗೋಡೆಯ ಕ್ಯಾಲೆಂಡರ್ ನೋಡಿ
ಇವತ್ತು ಯಾವತ್ತೆಂದು ನಾನೇ ಒತ್ತಿ ಹೇಳುತ್ತೇನೆ.
ಹೇಳಿದ್ದನ್ನು ನಂಬುತ್ತದೆ,
ಎದುರು ಕೇಳಿದ್ದೇ ಇಲ್ಲ.

ಕಾರ್ತೀಕದ ಆ ದಿನವನ್ನೂ
ನಾನೇ ಒತ್ತಬೇಕು.
ಒತ್ತದಿದ್ದರೆ?

ಹೊರಗೆ ಹಾರನ್ನು.
ಡ್ರೈವರು ಸೀಟಿನಲ್ಲೇ ಕೂತು ಬೀಡಿ ಹಚ್ಚಿದ್ದಾನೆ.
"ಇಳೀರಿ ಅಣ್ಣಾ, ಜೋಳಕ್ಕಷ್ಟೇ ರೇಟು."
ಇಳಿದ. ಎಪ್ಪತ್ತು ಕೆ.ಜಿ. ಉದುರಿ
ಹಸಿರು ಅಂಕಿ ತುಸು ನಡುಗಿ
ನಿಂತಿತು.