ಹಚ್ಚಿದ ತಾರೀಖು

ಸಪ್ತಾಪುರದ ಖಾನಾವಳಿಯ ಗೋಡೆಗೆ
ಜೋಳದ ಹಿಟ್ಟಿನ ಬೆರಳಚ್ಚು ಬಿದ್ದ ಕ್ಯಾಲೆಂಡರ್.
ಅದರಲ್ಲಿ ಅಮಾಸಿ ಹುಣ್ಣಿವಿಗಿಂತ ದಪ್ಪಗೆ
ಬಸಲಿಂಗವ್ವ ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದಾಳೆ:
ಸಿಲಿಂಡರ್ ಹಚ್ಚಿದ ದಿನ, ಮುಗಿದ ದಿನ.
ಹನ್ನೊಂದು ವರ್ಷ, ಒಂದರ ಬೆನ್ನಿಗೊಂದು,
ಒಂದೇ ಮೊಳೆಗೆ.

ನನ್ನ ಹತ್ತಿರ ಹದಿನಾಲ್ಕೇ ತಿಂಗಳ ಲೆಕ್ಕ,
ನಾನು ನೋಡಿರದ ಸೀಮೆಯ ಒಂದೇ ಬಾವಿಯದು.
ಅದನ್ನು ಹಿಡಿದು ಮೂವತ್ತು ವರ್ಷದ ಗ್ಯಾಸು ಹೇಳಬೇಕು.
ಧಾರವಾಡದ ಹೆಸರು ಹೊತ್ತ ಕಲ್ಲು ಪುಸ್ತಕಗಳಲ್ಲುಂಟು;
ಕೊಳೆಯಲು ಎಲೆಯೇ ಹುಟ್ಟಿರದ ಕಾಲದ್ದು,
ಅದರಿಂದ ಒಂದು ಚಹಾ ಕುದಿಯಲಾರದು.

ಹಾಗಾಗಿ ಬೇರೆಯವರ ಶೇಲ್ ಕಲ್ಲನ್ನು
ಲ್ಯಾಬಿನಲ್ಲಿ ಲಕ್ಷದಿಪ್ಪತ್ತು ಸಾವಿರ ಚೌಕ ಕೊಯ್ದಿದ್ದೇನೆ.
ಚೌಕಕ್ಕೊಂದು ಒತ್ತಡ,
ನೆರೆಮನೆಗೆ ಎಷ್ಟು ಬಿಟ್ಟುಕೊಡುತ್ತದೆಂಬ ಒಂದು ಜಿಪುಣ ಅಂಕಿ.
ಬಿಂದುವಿನ ಆಚೆಯ ಸೊನ್ನೆ ಎಣಿಸುವುದರೊಳಗೆ
ಬಸಿಯಲ್ಲಿ ಚಹಾ ಆರುವಷ್ಟು ಜಿಪುಣ.
ಒಡೆಯದೆ ಇದು ಕೊಡುವುದಿಲ್ಲ.
ಒಡೆದ ಬಾಯಿ ಮತ್ತೆ ಕೂಡದಂತೆ
ನೀರಿನ ಜೊತೆ ಮರಳು ತುರುಕಬೇಕು.

ಬಿರುಕು ಅಂದರೆ ನನಗೆ ಗೊತ್ತಿದ್ದದ್ದು ಅಣ್ಣಿಗೇರಿಯ ಎರೆಹೊಲ.
ಏಪ್ರಿಲ್ಲಿನಲ್ಲಿ ಮೊಳಕೈ ತನಕ ಇಳಿಯುತ್ತಿತ್ತು.
ಅಕ್ಕನ ಒಂದು ಬೆಂಡೋಲಿ ಅದರೊಳಗೆ ಬಿದ್ದಾಗ
ತಂತಿ ಬಾಗಿಸಿ, ಟಾರ್ಚು ಬಿಟ್ಟು, ಹೊಟ್ಟೆಯ ಮೇಲೆ ಮಲಗಿ
ಮೀನು ಹಿಡಿಯುವವರಂತೆ ಸಂಜೆತನಕ ಕಾದೆವು.
ಜೂನಿನಲ್ಲಿ ನೆಲ ಬಾಯಿ ಮುಚ್ಚಿತು.
ಮರಳು ಹಾಕಬೇಕಿತ್ತು; ಆಗ ಯಾರಿಗೆ ಗೊತ್ತು.

ರಾತ್ರಿ ಎರಡಕ್ಕೆ ಗಣಕ ನಿಲ್ಲುತ್ತದೆ: ಉತ್ತರ ಕೂಡಿಬರಲಿಲ್ಲ.
ಹೆಜ್ಜೆ ಸಣ್ಣದು ಮಾಡುತ್ತೇನೆ,
ದಿನದಿಂದ ತಾಸಿಗೆ, ತಾಸಿನಿಂದ ನಿಮಿಷಕ್ಕೆ,
ತುಂಬಿದ ಹಾಲಿನ ಗಿಂಡಿ ಹಿಡಿದು
ಕತ್ತಲಲ್ಲಿ ಹೊಸ್ತಿಲು ಹುಡುಕುವ ಕಾಲಿನಂತೆ.
ಕರೆಂಟು ಹೋಗುತ್ತದೆ. ಯುಪಿಎಸ್ಸು ಟಿಟ್ಟಿಭದಂತೆ ಒದರುತ್ತದೆ.
ಮತ್ತೆ ಮೊದಲಿನಿಂದ.

ಕಡೆಗೂ ಬಂದ ಗೆರೆ: ಮೊದಲು ಜಾರುಬಂಡಿ,
ಆಮೇಲೆ ನವಲಗುಂದದ ದಾರಿಯಂಥ ಬಯಲು.
ಮೊದಲ ವರ್ಷದ ಅಬ್ಬರ ಬಿರುಕಿನೊಳಗಿದ್ದದ್ದು.
ಬಾಲದ್ದು ಮಾತ್ರ ಕಲ್ಲಿನ ಮೈಗೆ ಅಂಟಿದ್ದು,
ಒತ್ತಡ ಇಳಿದಂತೆ ಒಂದೊಂದೇ ಕೈಬಿಡುವುದು.
ತೊಳೆದು, ಒಣಗಿಸಿ, ಜೀರಿಗೆ ತುಂಬಿಟ್ಟರೂ
ಇಂಗಿನ ಡಬ್ಬಿ ಇಂಗನ್ನೇ ಹೇಳುತ್ತದಲ್ಲ, ಹಾಗೆ.

ಗೈಡು ಸರ್ ಬಾಲದ ನಡುವೆ ಅಡ್ಡಗೆರೆ ಎಳೆದರು.
"ಇಲ್ಲಿಂದ ಆಚೆ ತೆಗಿಯೂದು ದಂಡ. ಒಂದ ನಂಬರ್ ಕೊಡ್ರಿ."
ನನ್ನಲ್ಲಿ ಮೂರಿದ್ದವು.
ಮೂರೂ ಹದಿನಾಲ್ಕು ತಿಂಗಳಿಗೆ ಕೂದಲೆಳೆ ತಪ್ಪದೆ ಹೊಂದಿ
ಇಪ್ಪತ್ತನೆಯ ವರ್ಷಕ್ಕೆ ಒಂದರ ಮುಖ ಒಂದು ನೋಡದಂತೆ ಹೋದವು.
ನಡುವಿನದನ್ನು ಕೊಟ್ಟೆ. ನಡುವಿನದು ಎಂಬುದನ್ನು ಬಿಟ್ಟರೆ
ಅದರ ಪರವಾಗಿ ಹೇಳಲು ಏನೂ ಇರಲಿಲ್ಲ.

"ಶುಕ್ರವಾರ ಮಧ್ಯಾನಕ್ಕ ಮುಗೀತೈತಿ ನೋಡು,"
ಸಿಲಿಂಡರಿನ ಕಿವಿ ಹಿಡಿದು ಅಲ್ಲಾಡಿಸಿ ಬಸಲಿಂಗವ್ವ ಅಂದಿದ್ದಳು.
ಗುರುವಾರ ರಾತ್ರಿಯೇ ಉರಿ ಕೆಂಪಾಗಿ ತೊದಲಿತು.
"ಪರೀಕ್ಷಾ ಮುಗದೂವಂತ ಹಾಸ್ಟೆಲ್ ಹುಡಿಗ್ಯಾರು
ಇಪ್ಪತ್ತು ಮಂದಿ ಬಂದು ಕುಂತ್ರು.
ಕ್ಯಾಲೆಂಡರಿಗೆ ಹೆಂಗ ಗೊತ್ತಾಗಬೇಕವ್ವಾ?"
ದಾವಲಸಾಬ ನದಾಫ ಹೊಸದು ತರುವುದು ಬೆಳಿಗ್ಗೆಯೇ.

ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಪರಾತಕ್ಕೆ ಸುರಿದಳು.
"ಹಂಗ ಮಾಡಬಾರದು, ಬೇ," ಅಂದೆ, ಓದಿದವಳು.
"ಮಾಡಬಾರದು. ನೀ ಉಂಡಿಯೇನು?"
ಸಿಲಿಂಡರ್ ಎಣ್ಣೆ ಹಚ್ಚಿಸಿಕೊಂಡ ಕೂಸಿನಂತೆ ನೀರಲ್ಲಿ ಕೂತಿತು.
ಉರಿ ನೀಲಿಯಾಗಿ ಎದ್ದು ನಿಂತಿತು.
ಒಂದು ರೊಟ್ಟಿ. ಇನ್ನೊಂದು.
ಮೂರನೆಯದು ಒಂದು ಮಗ್ಗುಲು ಹಸಿ,
ಅಡ್ಡಗೆರೆಯ ಆಚೆಯ ಆ ರೊಟ್ಟಿ ನನ್ನ ತಾಟಿಗೇ ಬಿತ್ತು.

ಕೈ ಒರೆಸಿಕೊಂಡು ಅವಳು ಗುರುವಾರಕ್ಕೆ ಸುತ್ತು ಹಾಕಿದಳು.
ಆಮೇಲೆ ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ
ಪಕ್ಕದಲ್ಲಿ ಸಣ್ಣಗೆ ಬರೆದಳು:
ಹುಡಿಗ್ಯಾರು.