ಮಡಿಸಲು ಎಷ್ಟು ಕೈ ಬೇಕು

ನೆರಿಸ್, ಮಗಳೇ, ನೀನು ಕಳಿಸಿದ ಹದಿನಾಲ್ಕು ಫೋಟೋಗಳನ್ನೂ
ಡಿಪೋದಲ್ಲಿ, ಚಹಾ ಆರುವವರೆಗೆ, ನೋಡಿದೆ.
ಎಲ್ಲದರಲ್ಲೂ ಬಿಸಿಲು. ಎಲ್ಲದರಲ್ಲೂ ಸಮತಟ್ಟು ನೆಲ.
ತಳ್ಳುವವಳ ಕೂದಲು ಒಂದೆಳೆಯೂ ಕೆದರಿಲ್ಲ.
ಇದು ನಮ್ಮ ಸ್ವಾನ್ಸಿ ಅಲ್ಲ ಅಂತ ಅಲ್ಲೇ ಗೊತ್ತಾಯಿತು.

ಹತ್ತೊಂಬತ್ತು ವರ್ಷ ಟೌನ್‌ಹಿಲ್ಲಿನ ಏರಿಗೆ ಬಸ್ಸು ಹತ್ತಿಸಿದವಳು ನಾನು.
ನನ್ನ ಓದೆಲ್ಲ ತಲೆಯ ಮೇಲಿನ ಆ ಅಂಗೈಯಗಲ ಕನ್ನಡಿಯಲ್ಲಿ.
ಅದರಲ್ಲಿ ಕಂಡದ್ದನ್ನು ಹೇಳುತ್ತೇನೆ, ಬೆಲೆ ನೀನು ನೋಡಿಕೋ.

ಮೂರು ಚಕ್ರದ್ದು: ಗಾಳಿ ತುಂಬಿದ ದಪ್ಪ ಟೈರು.
ಕಡಲ ದಂಡೆಯಲ್ಲಿ ಮಂಬಲ್ಸ್‌ವರೆಗೂ ಓಡಬಹುದಂತೆ.
ಓಡಿದವರನ್ನು ನಾನು ಕಂಡಿಲ್ಲ,
ಪಂಕ್ಚರಾಗಿ ನಿಂತವರನ್ನು ಕಂಡಿದ್ದೇನೆ.
ಮುಂದಿನ ಚಕ್ರ ಕರೆಯದ ನೆಂಟನಂತೆ ಒಳಗೆ ಮೂಗು ತೂರಿಸುತ್ತದೆ,
ಹಿಂದಿನವೆರಡು ಫುಟ್‌ಪಾತಿನಲ್ಲೇ ಹಟ ಹಿಡಿದು ಕೂರುತ್ತವೆ.

ಕೊಡೆಯ ಹಾಗೆ ಮಡಚುವ ಬಗ್ಗಿ: ಅಗ್ಗ, ಹಗುರ,
ಮೊಣಕಾಲಿಂದ ಒಂದು ಗುದ್ದು, ಮುಗಿಯಿತು.
ಆದರೆ ಹಿಡಿಗೆ ಎರಡು ಚೀಲ ತೂಗುಹಾಕಿ
ಮಗುವನ್ನು ಎತ್ತಿದೆಯೋ, ಗಾಡಿ ಅಂಗಾತ.
ಮಾರ್ಕೆಟ್ಟಿನ ಸ್ಟಾಪಿನಲ್ಲಿ ಒಮ್ಮೆ
ಬೇಯಿಸಿದ ಚಿಪ್ಪುಮೀನು ನನ್ನ ಮೆಟ್ಟಿಲ ತುಂಬ ಚೆಲ್ಲಿ
ಸಂಜೆವರೆಗೆ ಇಡೀ ಬಸ್ಸು ಸಮುದ್ರ.

ಅವಳಿಗಳದ್ದು ಪಕ್ಕಪಕ್ಕ ಇದ್ದರೆ ಬಾಗಿಲು ಸಾಲದು,
ಹಿಂದೆಮುಂದೆ ಇದ್ದರೆ ತಿರುವು ಸಾಲದು.
(ನಿನಗೆ ಒಂದೇ ಅಂದಿದ್ದಾರಲ್ಲ? ಸರಿ, ಬಿಡು.)

ಇನ್ನು ನಿನ್ನ ಗಂಡ ಗುರುತು ಹಾಕಿದ್ದು: ನೀಲಿ, ಚರ್ಮದ ಹಿಡಿ,
ಕಾಫಿ ಲೋಟಕ್ಕೆಂದೇ ಒಂದು ಬಳೆ.
ನನ್ನ ಮೊದಲ ಕಾರಿಗಿಂತ ದುಬಾರಿ,
ಬ್ರೇಕೂ ಅದಕ್ಕಿಂತ ವಾಸಿ, ಒಪ್ಪಿದೆ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುತ್ತಾರೆ;
ನಿನ್ನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ.

ಕೇಳು, ಮೊನ್ನೆ ಮಂಗಳವಾರ ಅಂಥದೇ ನೀಲಿ ನನ್ನ ಬಸ್ಸಿನಲ್ಲಿ.
ಮಗು ನಿದ್ದೆ. ತಾಯಿಗೂ ಹೆಚ್ಚುಕಡಿಮೆ ನಿದ್ದೆ.
ಗ್ರಂಥಾಲಯದ ಹತ್ತಿರ ಎಮ್ಲಿನ್ ಕಾಯುತ್ತಿದ್ದ, ತನ್ನ ಗಾಲಿಕುರ್ಚಿಯಲ್ಲಿ,
ಮೊಣಕಾಲ ಮೇಲೆ ಒದ್ದೆ ಪತ್ರಿಕೆ.
ಇರುವುದು ಒಂದೇ ಜಾಗ, ಅದು ಅವನದು.
ಹೇಳಿದೆ. ಅವಳು ಎದ್ದಳು, ಪಾಪ.
ಒಂದು ಗುಂಡಿ ಒತ್ತಿದಳು, ಕಾಲಿಂದ ಇನ್ನೊಂದು,
ಕೆಳಗಿನ ಬುಟ್ಟಿಯಿಂದ ಡಯಾಪರು, ಬ್ರೆಡ್ಡು, ಒಂದು ಹೂಕೋಸು,
ಮಗು ಕಿರುಚಿತು, ಗಾಡಿ ಅರ್ಧ ಬಾಗಿ
ನಮಸ್ಕಾರದ ಭಂಗಿಯಲ್ಲಿ ನಿಂತೇಬಿಟ್ಟಿತು.
ಯಾರೋ ಗಡಿಯಾರ ನೋಡಿಕೊಂಡರು, ಜೋರಾಗಿ.

ಆಗ ಹಿಂದಿನ ಸೀಟಿಂದ ಕೈನ್‌ವೆನ್ ಬಂದಳು, ಎಂಬತ್ತಮೂರು.
ಕೇಳಲಿಲ್ಲ ಮಾಡಲಿಲ್ಲ, ಮಗುವನ್ನು ಎತ್ತಿ,
ಹೆಗಲ ಉಣ್ಣೆಯ ಶಾಲನ್ನು ಒಂದು ಸುತ್ತು
ಮಗುವಿನ ಬೆನ್ನಿಗೆ, ಒಂದು ಸುತ್ತು ತನ್ನ ಕಂಕುಳಿಗೆ,
ಅಂಚನ್ನು ಎಡಗೈಯಡಿ ಸಿಕ್ಕಿಸಿದಳು.
ಬಲಗೈ ಖಾಲಿ. ಅದರಲ್ಲಿ ಕಂಬ ಹಿಡಿದಳು.
ನಾನು ಮಗುವಾಗಿದ್ದಾಗ ನನ್ನಜ್ಜಿ ಹೀಗೇ ಹೊತ್ತು
ಕಲ್ಲಿದ್ದಲು ತರುತ್ತಿದ್ದಳಂತೆ.
ಇಳಿಜಾರು ಮುಗಿಯುವ ಮೊದಲೇ ಕಿರುಚು ನಿಂತಿತು.

ಗಾಡಿಯನ್ನು ಮಡಿಸಿದ್ದು ಕೊನೆಗೆ ಎಮ್ಲಿನ್.
ಚಕ್ರದ ವಿಷಯ ಅವನಿಗೆ ಬಿಡಿ ಅಂದ, ನಕ್ಕ.
ಆರು ನಿಮಿಷ ತಡ. ಬರೆದುಕೊಂಡಿದ್ದಾರೆ.

ಹಾಗಂತ ಶಾಲು ಕೊಳ್ಳು ಅನ್ನುತ್ತಿಲ್ಲ,
ನಿನ್ನ ಬೆನ್ನುನೋವು ನನಗೆ ಗೊತ್ತಿಲ್ಲವೇ.
ಅಂಗಡಿಗೆ ಹೋಗುವಾಗ ಐದು ಕಿಲೋ ಆಲೂಗಡ್ಡೆ ಒಯ್ಯಿ.
ಎಡತೋಳಲ್ಲಿ ಅದನ್ನು ಎತ್ತಿಕೊಂಡು
ಬಲಗೈಯೊಂದರಲ್ಲೇ ಗಾಡಿ ಮಡಿಸು,
ಮಡಿಸಿದ್ದನ್ನು ಅಂಗಡಿಯ ಮೆಟ್ಟಿಲು ಹತ್ತಿಸು.
ಹುಡುಗ ನಕ್ಕರೆ ನಗಲಿ, ಅವನಿಗಿನ್ನೂ ಮದುವೆಯಾಗಿಲ್ಲ.
ಆಲೂಗಡ್ಡೆ ಬೀಳದಿದ್ದರೆ ದುಡ್ಡು ಕೊಡು.

ಮರೆತೆ, ಬಣ್ಣ ಕೇಳಿದ್ದೆ.
ಬಿಸ್ಕತ್ತಿನ ಬಣ್ಣದ್ದು ತಗೋ.
ಯಾವುದು ತಂದರೂ ಮಾರ್ಚಿನ ಹೊತ್ತಿಗೆ
ಅದು ತಿರುಗುವುದು ಅದೇ ಬಣ್ಣಕ್ಕೆ.