ಕುದಿಸಿ ಆರಿಸಿದ ನೀರು

ಹನ್ನೊಂದು ವರ್ಷ ಹೇಳಿದೆ.
ಕೂಸು ಹುಟ್ಟಿದ ಮನೆಯ ಹೊಸ್ತಿಲಲ್ಲಿ ನಿಂತು,
ಆಶಾ ಕೆಲಸದ ಗುಲಾಬಿ ಸೀರೆಯ ಸೆರಗಿಗೆ ಬೆವರೊರೆಸಿಕೊಳ್ಳುತ್ತ:
ಕುದಿಸ್ರಿ, ಆರಸ್ರಿ, ಆಮ್ಯಾಲೆ ಕುಡಸ್ರಿ.
ಕಾಲುವೆ ಕೊನೆಯ ನಮ್ಮೂರಲ್ಲಿ ವಾಂತಿಭೇದಿ ನಿಂತದ್ದು
ಈ ಮಾತಿನಿಂದಲೇ. ಅದು ಸುಳ್ಳಲ್ಲ.

ಮೊನ್ನೆ ಕಾರಟಗಿಯಿಂದ ಒಂದು ಪೆಟ್ಟಿಗೆ ಬಂತು.
ಗಾಜಿನ ನಳಿಗೆ, ಪುಡಿಯ ಪೊಟ್ಟಣ, ಬಣ್ಣದ ಪಟ್ಟಿ.
ಅರ್ಧ ದಿನದ ತರಬೇತಿ, ಉಪ್ಪಿಟ್ಟು, ಸಹಿ.
ನೀರಿಗೆ ಪುಡಿ ಉದುರಿಸಿ ಅಲುಗಿಸಬೇಕು,
ಹತ್ತು ನಿಮಿಷ ಸುಮ್ಮನಿರಬೇಕು.
ಸುಮ್ಮನಿರುವುದೇ ಕಷ್ಟ.

ಶಾಲೆಯ ನಳ: ಜಾಜಿ ಮೊಗ್ಗಿನ ತುದಿಯಷ್ಟು ಕೆಂಪು.
ಕೆಳಗೇರಿಯ ಬೋರು, ಹೊನ್ನೂರಬಿ ಕೊಡ ಹಿಡಿಯುವ ಬೋರು,
ನನ್ನ ಸೀರೆಯ ಬಣ್ಣಕ್ಕೇ ಬಂತು.
ನಳಿಗೆಯನ್ನು ಸೆರಗಿಗೆ ಹಿಡಿದು ನೋಡಿದೆ.
ಬೇರೆ ಅನ್ನಿಸಲಿಲ್ಲ.

ಪಟ್ಟಿಯಲ್ಲಿ ನಲವತ್ತೈದಕ್ಕೆ ಗೆರೆ. ಅದರಾಚೆ ಕುಡಿಯಬಾರದು.
ಯೂರಿಯಾ ಚೀಲದ ಮೇಲೂ ನಲವತ್ತೈದೇ, ಅದು ಕಿಲೋ.
ಎರಡು ಬೆಳೆ ಭತ್ತಕ್ಕೆ ಎಷ್ಟು ಸುರಿದರೆಂದು
ಯಾರೂ ಎಣಿಸುವುದಿಲ್ಲ; ಖಾಲಿ ಚೀಲ ಎಣಿಸಬಹುದು:
ಬಚ್ಚಲಿಗೆ ಮರೆ, ಭತ್ತ ಒಣಗಲು ಹಾಸು, ಮಳೆಗೆ ಕೊಪ್ಪೆ.
ಬೋರಿನ ಬದಿಗೆ ತಿಪ್ಪೆ. ತಿಪ್ಪೆಯ ಬದಿಗೆ ಪಾಯಿಖಾನೆ ಗುಂಡಿ.
ಅದನ್ನು ತೋಡಿಸಿದವಳೂ ನಾನೇ, ಮನೆಮನೆ ತಿರುಗಿ.

ಪೆಟ್ಟಿಗೆ ತಡವಾಗಿ ಬಂತು.
ಅದಕ್ಕೂ ಮೊದಲೇ ಹೊನ್ನೂರಬಿಗೆ ಎದೆಹಾಲು ಸಾಲದಾಯಿತು,
ಡಬ್ಬಿಯ ಪುಡಿ ಕಲಸಿ ಕುಡಿಸಿದಳು.
ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಕುದಿಸಿದಳು,
ಪಾತೇಲಿ ಅರ್ಧಕ್ಕಿಳಿಯುವ ತನಕ. ಚೊಚ್ಚಲ ಕೂಸು, ಹೆದರಿಕೆ.
ಎರಡು ತಿಂಗಳಿಗೆ ಕೂಸಿನ ಉಗುರು
ನೇರಳೆ ಹಣ್ಣು ಹಿಸುಕಿದಂಗೆ.
ಅತ್ತೆ ದೃಷ್ಟಿ ಅಂದಳು, ತಾಯಿತ ಕಟ್ಟಿಸಿದಳು.
ನಾನು ಥಂಡಿ ಅಂದೆ, ಕುಲಾಯಿ ಹಾಕಿಸಿದೆ.

ಕೊಪ್ಪಳದಲ್ಲಿ ಡಾಕ್ಟರು ರಕ್ತ ತೆಗೆದರೆ
ಬೆಲ್ಲದ ಪಾಕದ ಬಣ್ಣ.
ನೀಲಿಗಟ್ಟಿದ ಕೂಸಿಗೆ ನೀಲಿ ಮದ್ದನ್ನೇ ಏರಿಸಿದರು.
ತಾಸೊಂದಕ್ಕೆ ತುಟಿ ಕೆಂಪಾಯಿತು, ಬಟ್ಟೆಯಲ್ಲಿ ಹಸಿರು ಉಚ್ಚೆ.
ಆ ಬಟ್ಟೆ ನನಗೆ ತೋರಿಸಿ ನಕ್ಕಳು ಹೊನ್ನೂರಬಿ.

ನೀರು ಕುದಿಸ್ತಿದ್ರಾ?
ಹೂಂರಿ, ಅಕ್ಕೋರು ಹೇಳಿದಂಗ, ಅಂದಳು ಹೆಮ್ಮೆಯಿಂದ.
ಡಾಕ್ಟರು ನನ್ನತ್ತ ನೋಡಲಿಲ್ಲ. ಗೋಡೆಗೆ ಹೇಳಿದರು:
ಇದು ಕುದಿಸಿದರೆ ಸಾಯೋದಲ್ಲ.
ನೀರು ಹೋಗುತ್ತೆ, ಇದು ಉಳಿಯುತ್ತೆ.

ಸಾರು ಬತ್ತಿದರೆ ಉಪ್ಪು ಬತ್ತೀತೇ?
ಮೂವತ್ತು ವರ್ಷ ಒಲೆ ಮುಂದೆ ಕೂತವಳಿಗೆ
ಇದನ್ನು ಇನ್ನೊಬ್ಬರು ಹೇಳಬೇಕಾಯಿತು.

ಪಂಚಾಯಿತಿಯವರು ಬೋರಿನ ಮೂತಿಗೆ ಕೆಂಪು ಬಳಿದರು.
ಮರುದಿನ ಯಾರೋ ಅದಕ್ಕೆ ಚೆಂಡು ಹೂ ಮುಡಿಸಿದ್ದರು.
ಐದು ರೂಪಾಯಿ ನಾಣ್ಯದ ಶುದ್ಧ ನೀರು ಇರುವುದು ಆಚೆ ಕ್ಯಾಂಪಿನಲ್ಲಿ,
ವಾರಕ್ಕೆರಡು ದಿನ ಕೆಟ್ಟಿರುತ್ತದೆ.

ನಿನ್ನೆ ಮೇಲಿನ ಓಣಿಯಲ್ಲಿ ಇನ್ನೊಂದು ಕೂಸು.
ಹೊಸ್ತಿಲಲ್ಲಿ ನಿಂತೆ.
ಬಾಣಂತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.
ಕು, ಅಂದೆ.
ಮುಂದಿನದು ಬರಲಿಲ್ಲ.
ಚೀಲದಿಂದ ನಳಿಗೆ ತೆಗೆದು ಕೇಳಿದೆ:
ನೀರು ಎಲ್ಲಿಂದ ತರ್ತೀರಿ, ಮೊದ್ಲು ಅದು ಹೇಳವ್ವಾ.